ಕಡು ಹಸಿರೋ, ಬೆಣ್ಣೆ ಬಣ್ಣವೋ? ಹೊಲಿಗೆ ಮಷೀನ್ ಇರುವ ಹಾಲ್‌ಗೆ ಯಾವುದು ಒಗ್ಗುತ್ತದೆ?

ಸಾಗರದ ಟೈಲರಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ಪೇಟೆಯಲ್ಲಿ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಮೇಲೆ ಹಲಗೆಯ ಮುಚ್ಚಿಗೆ, ಕೆಳಗೆ ಮಾವನವರು ಹಾಕಿಸಿದ ರೆಡ್ ಆಕ್ಸೈಡ್ ನೆಲ. ಯುಗಾದಿಯೊಳಗೆ ಹಾಲ್‌ಗೆ ಬಣ್ಣ ಹೊಡೆಸಬೇಕು ಅಂತಿದ್ದೇವೆ. ಶೇಡ್ ಕಾರ್ಡ್ ಮನೆಗೆ ಬಂದಾಗಿನಿಂದ ಇಲ್ಲಿ ಎರಡು ಪಾರ್ಟಿ ಆಗಿವೆ.

ನಮ್ಮನೆಯವರದು ಕಡು ಹಸಿರಿನ ಪಾರ್ಟಿ. ಬೆಂಗಳೂರಿನಲ್ಲಿ ಸ್ನೇಹಿತರ ಫ್ಲಾಟ್‌ನಲ್ಲಿ ನೋಡಿ ಬಂದಿದ್ದಾರೆ. ಕಪ್ಪಿಗೆ ಹತ್ತಿರದ ಹಸಿರು, ಮಳೆಗಾಲದಲ್ಲಿ ಅಡಿಕೆ ತೋಟದ ಒಳಗೆ ನಿಂತರೆ ಕಾಣುತ್ತಲ್ಲ, ಆ ಥರದ್ದು. ಅತ್ತೆಯವರದು ಬೆಣ್ಣೆ ಬಣ್ಣದ ಪಾರ್ಟಿ. "ಇರೋ ಚೂರು ಬೆಳಕನ್ನೂ ಗೋಡೆಗೆ ಕುಡಿಸ್ತೀರಾ?" ಅಂತ ಅವರ ಪ್ರಶ್ನೆ. ನಾನು ಇನ್ನೂ ಯಾವ ಪಾರ್ಟಿಗೂ ಸೇರಿಲ್ಲ. ಆದರೆ ಆ ಹಾಲ್‌ನಲ್ಲಿ ದಿನವಿಡೀ ಕೂರುವವಳು ನಾನು. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು, ಪೀಕೋ, ಎಲ್ಲಾ ಅಲ್ಲೇ. ಗಿರಾಕಿಗಳು ಬಂದು ಕೂರುವುದೂ ಅಲ್ಲೇ.

ಹಾಲ್ 14 ಅಡಿಗೆ 16 ಅಡಿ, ಎತ್ತರ 10. ಉತ್ತರದ ಗೋಡೆಯಲ್ಲಿ ಒಂದು ದೊಡ್ಡ ಕಿಟಕಿ. ಹೊರಗೆ ಹಲಸಿನ ಮರ. ಮಷೀನ್ ಇರುವುದು ಆ ಕಿಟಕಿ ಪಕ್ಕ. ಪಶ್ಚಿಮಕ್ಕೆ ಬಾಗಿಲು, ಅದರಾಚೆ ಜಗುಲಿ. ಮಳೆ ಎರಚುತ್ತದೆ ಅಂತ ಜಗುಲಿಗೆ ಉದ್ದಕ್ಕೆ ಶೀಟ್ ಇಳಿಸಿದ್ದೇವೆ, ಹಾಗಾಗಿ ಆ ಕಡೆಯಿಂದ ಬೆಳಕು ಕಡಿಮೆ. ಪೂರ್ವದ ಗೋಡೆಯಲ್ಲಿ ನಡುಮನೆಗೆ ಹೋಗುವ ಬಾಗಿಲು. ದಕ್ಷಿಣದ ಗೋಡೆ ಪೂರ್ತಿ ಖಾಲಿ. ಮುಚ್ಚಿಗೆ ಹಳೇ ವಾರ್ನಿಶ್ ಹೀರಿ ಕಪ್ಪಾಗಿದೆ, ಅದನ್ನು ಮುಟ್ಟಬಾರದು ಅಂತ ಅತ್ತೆಯವರ ಆಜ್ಞೆ.

ನನ್ನ ತಲೆಬಿಸಿ ಚಂದದ್ದಲ್ಲ, ನೂಲಿನದ್ದು. ಸೀರೆಗೆ ಹೊಂದುವ ರೀಲು ಹುಡುಕುವಾಗ ಗೋಡೆ ಬಣ್ಣ ಬಟ್ಟೆ ಮೇಲೆ ಬಿದ್ದು ಮೋಸ ಮಾಡುತ್ತದೆಯೇ? ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ಕಂಡ ನೂಲು ಅಂಗಳದ ಬಿಸಿಲಿಗೆ ಹಿಡಿದರೆ ಬೇರೆಯೇ ಆಗಿರುತ್ತದೆ, ಅದು ಈಗಲೇ ಇರುವ ಕಾಟ. ಇನ್ನು ಗೋಡೆಯೂ ಸೇರಿಕೊಂಡರೆ ಕಷ್ಟ ಅಲ್ವಾ? ಉತ್ತರದ ಕೋಣೆಗೆ ಬೆಚ್ಚಗಿನ ಬಣ್ಣವೇ ಬೇಕು ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ನಮ್ಮೂರಿಗೂ ಹೊಂದುವ ಮಾತಾ?


ಒಗ್ಗರಣೆ:

ಹಸಿರು ಬೇಡವೇ ಬೇಡ ಅಕ್ಕ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಟಿವಿ ಗೋಡೆಗೆ ಅಂತ ಶುರು ಮಾಡಿ ನಾಲ್ಕೂ ಗೋಡೆಗೆ ಹೊಡೆಸಿದರು. ಈಗ ಮಳೆಗಾಲದಲ್ಲಿ ಮಧ್ಯಾಹ್ನ ಊಟಕ್ಕೇ ಲೈಟ್ ಹಾಕುತ್ತಾರೆ. ಅತ್ತೆಯವರ ಮಾತು ಕೇಳಿ, ಮನೆಯಲ್ಲೂ ಶಾಂತಿ.


ತುಂಗಾ ತೀರ:

ಒಂದು ಮಾತು ಹಸಿರಿನ ಪರವಾಗಿಯೂ ಇರಲಿ. ನಮ್ಮದು ತೀರ್ಥಹಳ್ಳಿ, ನಡುಮನೆಗೆ ಕಡು ಹಸಿರೇ ಹೊಡೆಸಿದ್ದು. ಮೊದಲು ಅಲ್ಲಿ ಬಿಳಿ ಇತ್ತು. ಕತ್ತಲ ಕೋಣೆಗೆ ಬಿಳಿ ಬಳಿದರೆ ಬೆಳಕಾಗುತ್ತದೆ ಅನ್ನುವುದು ಅರ್ಧ ಸತ್ಯ. ಗೋಡೆ ತಾನಾಗಿ ಬೆಳಕು ಕೊಡುವುದಿಲ್ಲ, ಬಿದ್ದ ಬೆಳಕನ್ನು ವಾಪಸ್ ಕೊಡುತ್ತದೆ ಅಷ್ಟೇ. ಬೀಳುವುದೇ ಇಲ್ಲ ಅಂದರೆ ಬಿಳಿ ಗೋಡೆ ಬೂದಿ ಬಳಿದ ಹಾಗೆ ಮಂಕಾಗಿ ನಿಲ್ಲುತ್ತದೆ, ಮೂಲೆಗಳೆಲ್ಲ ಕೊಳೆ ಕೊಳೆ. ಹಸಿರಿಗೆ ಆ ಕಾಟವಿಲ್ಲ. ಕತ್ತಲಾದರೂ ಕತ್ತಲಿಗೆ ಒಂದು ಗೌರವ ಇರುತ್ತದೆ. ಸಂಜೆ ಹಳದಿ ಬಲ್ಬ್ ಹಾಕಿ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ನಾವು ಅಲ್ಲಿ ಕೂತು ಮಾತಾಡುತ್ತೇವೆ, ಕಾಫಿ ಕುಡಿಯುತ್ತೇವೆ. ಸೂಜಿಗೆ ದಾರ ಪೋಣಿಸುವುದಿಲ್ಲ, ಆ ವ್ಯತ್ಯಾಸ ಒಪ್ಪಿದೆ.


ಬ್ರಷ್ ರೋಲರ್ ಶಿವಮೊಗ್ಗ:

ಅಕ್ಕ, ನಾನು ಪೇಂಟಿಂಗ್ ಕಂಟ್ರಾಕ್ಟ್ ಮಾಡುವವನು. ಬಣ್ಣದ ಮಾತು ಆಮೇಲೆ, ಮೊದಲು ಗೋಡೆ ನೋಡಿ. ಜಂಬಿಟ್ಟಿಗೆ ಗೋಡೆ ಅಂದಿರಿ. ಕೆಳಗಿನ ಎರಡು ಮೂರು ಅಡಿ ಉಪ್ಪು ಬಿಟ್ಟಿದೆಯಾ, ಕೈಯಲ್ಲಿ ಸವರಿದರೆ ಹಿಟ್ಟು ಉದುರುತ್ತಾ? ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಗೋಡೆ ಕಡೆಯ ಮಗ್ಗುಲಲ್ಲಿ ನೀರಿನ ಹನಿ ನಿಂತರೆ ಒಳಗಿನ ಶೀತ ಇನ್ನೂ ಆರಿಲ್ಲ ಅಂತ ಅರ್ಥ. ಅದರ ಮೇಲೆ ಪುಟ್ಟಿ ಎಳೆದು ಎಮಲ್ಷನ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಎದ್ದು ಸಿಪ್ಪೆ ಬರುತ್ತದೆ. ಹಸಿರಾದರೇನು, ಬೆಣ್ಣೆಯಾದರೇನು.

ಈಗ ಹಸಿರಿನ ಕಥೆ. ಕಡು ಬಣ್ಣ ಕಲಸುವ ಬೇಸ್, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟ್, ಬೇರೆ. ಅದರಲ್ಲಿ ಬಿಳಿ ಪುಡಿ, ಅಂದರೆ ಟೈಟಾನಿಯಂ ಡೈಆಕ್ಸೈಡ್, ತೀರಾ ಕಡಿಮೆ. ಅಂಗಡಿಯ ಬಣ್ಣ ಕಲಸುವ ಮಷೀನಿನಿಂದ ಬೀಳುವ ಬಣ್ಣ ಜಾಸ್ತಿ. ಹಾಗಾಗಿ ಲೀಟರಿಗೆ ರೇಟೂ ಜಾಸ್ತಿ. ಬಿಳಿ ಗೋಡೆ ಮೇಲೆ ನೇರ ಹೊಡೆದರೆ ಎರಡು ಕೋಟ್‌ಗೆ ಮುಚ್ಚುವುದಿಲ್ಲ, ರೋಲರ್ ಓಡಿದ ಪಟ್ಟೆ ಕಾಣುತ್ತದೆ. ಪ್ರೈಮರಿಗೇ ಸ್ವಲ್ಪ ಬೂದು ಬಣ್ಣ ಬೆರೆಸಿಕೊಂಡರೆ ಒಂದು ಕೋಟ್ ಉಳಿಯುತ್ತದೆ. ಆಮೇಲೆ ಮ್ಯಾಟ್ ಫಿನಿಶ್ ಕಡು ಬಣ್ಣಕ್ಕೆ ಕೈ ಒರಸಿದರೂ ಹೊಳಪಿನ ಗುರುತು ನಿಲ್ಲುತ್ತದೆ. ಟಚ್ ಅಪ್ ಮಾಡಿದರೆ ತೇಪೆ ಎದ್ದು ಕಾಣುತ್ತದೆ. ನಿಮ್ಮ ಹಾಲ್‌ನಲ್ಲಿ ನೂಲಿನ ಎಳೆ, ಬಟ್ಟೆಯ ನಯ ಧೂಳು ಹಾರುತ್ತಲೇ ಇರುತ್ತದೆ ಅಲ್ವಾ? ಅದು ಕಡು ಗೋಡೆ ಮೇಲೆ ಬಿಳಿಯಾಗಿ ಕೂರುತ್ತದೆ. ಸ್ವಲ್ಪ ಹೊಳಪು ಇರುವ ಫಿನಿಶ್ ತಗೊಂಡರೆ ಒದ್ದೆ ಬಟ್ಟೆಯಲ್ಲಿ ಒರಸಬಹುದು. ಆದರೆ ಹೊಳಪಿನ ಗೋಡೆಯಲ್ಲಿ ಪುಟ್ಟಿಯ ಉಬ್ಬು ತಗ್ಗು ಎಲ್ಲಾ ಕಾಣುತ್ತದೆ. ಹಳೇ ಗೋಡೆಗೆ ಅದೂ ತಾಪತ್ರಯವೇ.

ಬೆಣ್ಣೆ ಬಣ್ಣ ಸುಲಭ, ಎರಡು ಕೋಟ್ ಸಾಕು. ಅದಕ್ಕಿರುವುದು ಬೂಷ್ಟಿನ ಭಯ. ನಿಮ್ಮೂರ ಮಳೆಗೆ ದಕ್ಷಿಣದ ಗೋಡೆಯಲ್ಲಿ ಕಪ್ಪು ಚುಕ್ಕೆ ಬಂದರೆ ತಿಳಿ ಬಣ್ಣದಲ್ಲಿ ಮೊದಲ ದಿನವೇ ಕಾಣುತ್ತದೆ. ಕಡು ಬಣ್ಣದಲ್ಲಿ ಬರುವುದಿಲ್ಲ ಅಂತಲ್ಲ, ಕಾಣುವುದಿಲ್ಲ. ನನ್ನನ್ನು ಕೇಳಿದರೆ ಕಾಣುವುದೇ ಒಳ್ಳೆಯದು.


ಸಾಗರದ ಟೈಲರಕ್ಕ:

ಪ್ಲಾಸ್ಟಿಕ್ ಅಂಟಿಸಿದ್ದೇನೆ ಅಣ್ಣ, ದಕ್ಷಿಣಕ್ಕೊಂದು, ಪೂರ್ವಕ್ಕೊಂದು. ನೂಲಿನ ಧೂಳಿನ ಮಾತು ನಮ್ಮನೆಯವರಿಗೆ ಓದಿ ಹೇಳಿದೆ. "ವಾರಕ್ಕೊಮ್ಮೆ ನಾನೇ ಒರಸ್ತೀನಿ" ಅಂದಿದ್ದಾರೆ. ಇಲ್ಲಿ ಬರೆದಿಡುತ್ತಿದ್ದೇನೆ, ನೀವೆಲ್ಲ ಸಾಕ್ಷಿ.

ತುಂಗಾ ತೀರದವರು ಹೇಳಿದ್ದು ನಿಜ ಅನಿಸಿತು. ಈಗಿರುವುದು ಬಿಳಿ ಡಿಸ್ಟೆಂಪರ್. ಕಿಟಕಿಯಿಂದ ದೂರದ ಮೂಲೆ ಜುಲೈನಲ್ಲಿ ಬೂದಿ ಬಣ್ಣವೇ.


ಸ್ಕೆಚ್ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವನು, ಈಗ ನಿವೃತ್ತ. ತಾಯೀ, ನಿಮ್ಮ ನೂಲಿನ ಪ್ರಶ್ನೆ ಬಹಳ ಹಳೆಯದು, ಮತ್ತು ಬಹಳ ಒಳ್ಳೆಯದು. ಪ್ಯಾರಿಸ್‌ನಲ್ಲಿ ಗೋಬೆಲಿನ್ ಅಂತ ಚಿತ್ರಗಂಬಳಿ ನೇಯುವ ಕಾರ್ಖಾನೆ. ಅಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಶೆವ್ರೋಲ್ ಅನ್ನುವ ರಸಾಯನ ವಿಜ್ಞಾನಿ ಮುಖ್ಯಸ್ಥನಾಗಿದ್ದ. ಕಪ್ಪು ನೂಲು ಮಂಕು, ಬಣ್ಣ ಸರಿಯಾಗಿ ಹಿಡಿದಿಲ್ಲ ಅಂತ ದೂರು ಬಂತು. ನೋಡಿದರೆ ನೂಲಿನಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೀಲಿ, ನೇರಳೆ ನೂಲು ಇದ್ದದ್ದರಿಂದ ಕಪ್ಪು ಹಾಗೆ ಕಾಣುತ್ತಿತ್ತು. ಪಕ್ಕದ ಬಣ್ಣ ಈ ಬಣ್ಣವನ್ನು ತನ್ನ ಎದುರು ದಿಕ್ಕಿಗೆ ತಳ್ಳುತ್ತದೆ ಅಂತ ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ.

ನಿಮ್ಮ ಹಾಲ್‌ಗೆ ಇದನ್ನು ಹಚ್ಚಿ ನೋಡಿ. ನೆಲ ಕೆಂಪು. ಬಣ್ಣದ ಚಕ್ರದಲ್ಲಿ ಕೆಂಪಿನ ಎದುರು ಹಸಿರು. ಆದ್ದರಿಂದ ನಿಮ್ಮ ನೆಲದ ಮೇಲೆ ಹಸಿರು ಗೋಡೆ ನಿಂತರೆ ಹಸಿರು ಇನ್ನೂ ಹಸಿರಾಗಿ, ನೆಲ ಇನ್ನೂ ಕೆಂಪಾಗಿ ಕಾಣುತ್ತದೆ. ಬೆಂಗಳೂರಿನ ಫ್ಲಾಟ್‌ನಲ್ಲಿ ನೆಲ ಬಿಳಿ ಟೈಲ್ಸ್ ಇದ್ದಿರಬೇಕು. ನಿಮ್ಮ ಯಜಮಾನರು ನೋಡಿ ಮೆಚ್ಚಿದ ಹಸಿರು ಇಲ್ಲಿ ಬಂದು ಅದೇ ಹಸಿರಾಗಿ ಉಳಿಯುವುದಿಲ್ಲ. ಚಂದ ಕಾಣಬಹುದು, ಆದರೆ ಜೋರು. ನಾಲ್ಕು ಗೋಡೆಗೆ ಅಷ್ಟು ಜೋರು ಬೇಕೇ?

ಇನ್ನೊಂದು. ಬೆಳಕು ನೆಲಕ್ಕೆ ಬಡಿದು ಗೋಡೆಗೆ ಏರುವಾಗ ಕೆಂಪನ್ನೂ ಹೊತ್ತು ತರುತ್ತದೆ. ಬೆಣ್ಣೆ ಬಣ್ಣದ ಗೋಡೆಯ ಕೆಳಭಾಗ ನಸುಗೆಂಪು ಛಾಯೆಯದಾಗಿ ಕಾಣುತ್ತದೆ. ಗೋಡೆಗಳೂ ಒಂದರ ಬಣ್ಣ ಇನ್ನೊಂದರ ಮೇಲೆ ಎಸೆಯುತ್ತವೆ. ಅದಕ್ಕೇ ಕಾರ್ಡಿನಲ್ಲಿ ಸೌಮ್ಯವಾಗಿ ಕಂಡ ಹಳದಿ ನಾಲ್ಕೂ ಗೋಡೆಗೆ ಬಂದಾಗ ಕಣ್ಣಿಗೆ ಹೊಡೆಯುತ್ತದೆ. ನಿಮಗೆ ಹಿಡಿಸಿದ ಬೆಣ್ಣೆ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿ. ಬಣ್ಣದ ಕಂಪನಿಗಳು ಪ್ರತಿ ಶೇಡಿಗೆ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕ ಅದು. ನಿಮ್ಮವರು ಹೇಳುವ ಥರದ ಹಸಿರಿಗೆ ಅದು 10ರ ಆಸುಪಾಸು ಇರುತ್ತದೆ, ತಿಳಿ ಬೆಣ್ಣೆ ಬಣ್ಣಕ್ಕೆ 75 ದಾಟುತ್ತದೆ. ಮುಚ್ಚಿಗೆ ಕಪ್ಪು, ನೆಲ ಕಡುಗೆಂಪು ಅಂದ ಮೇಲೆ ನಿಮ್ಮ ಹಾಲ್‌ನಲ್ಲಿ ಬೆಳಕನ್ನು ವಾಪಸ್ ಕೊಡುವ ಕೆಲಸ ಗೋಡೆಗಳಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ.

ಇನ್ನು ವಿಡಿಯೋದವರ ಉತ್ತರದ ಕೋಣೆ. ಅವರದು ಇಂಗ್ಲೆಂಡಿನದೋ ಅಮೆರಿಕದ್ದೋ ಕೋಣೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ಸಾಗರ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ ಸಂಜೆ ಉತ್ತರದ ಕಿಟಕಿಯಿಂದ ಓರೆ ಬಿಸಿಲು ಒಳಗೆ ಬರುವುದನ್ನು ನೀವೇ ನೋಡಿರುತ್ತೀರಿ. ಜೂನ್ ಬಂದರೆ ಮೋಡ, ಆಗ ಎಲ್ಲ ದಿಕ್ಕೂ ಒಂದೇ. ನಿಮ್ಮ ಕಿಟಕಿಗಂತೂ ಹಲಸಿನ ಮರ ಬೇರೆ ಇದೆ, ಒಳಗೆ ಬರುವ ಬೆಳಕೇ ಸ್ವಲ್ಪ ಹಸಿರು ಹತ್ತಿಸಿಕೊಂಡು ಬರುತ್ತದೆ. ಮಷೀನ್ ಪಕ್ಕದ ಗೋಡೆಯೂ ಹಸಿರಾದರೆ ಕೆನೆ ಬಣ್ಣದ ಸೀರೆಗೆ ನೂಲು ಆರಿಸುವುದು ನಿಮಗೆ ನಿಜವಾಗಿ ಕಷ್ಟವೇ.

ಕೆಂಪು ರೇಷ್ಮೆ ಬ್ಲೌಸ್ ಬಹಳ ಹೊತ್ತು ಹೊಲಿದು ಬಿಳಿ ಗೋಡೆ ನೋಡಿದರೆ ಹಸಿರು ಮಚ್ಚೆ ತೇಲುತ್ತದಲ್ಲ? ಕಣ್ಣು ಕೆಂಪಿಗೆ ದಣಿದಿದೆ ಅಂತ. ಆಪರೇಷನ್ ಥಿಯೇಟರಿನಲ್ಲಿ ಹಸಿರು ಬಟ್ಟೆ ಬಳಸುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ತಲೆ ಎತ್ತಿದಾಗ ಎದುರಿಗೆ ಒಂದು ಹಸಿರು ಗೋಡೆ ಇದ್ದರೆ ಕಣ್ಣಿಗೆ ಹಿತವೇ. ದೂರದಲ್ಲಿರಲಿ, ಒಂದೇ ಇರಲಿ.


ಕೆಮ್ಮಣ್ಣು:

ಮೇಷ್ಟ್ರ ಮಾತಿಗೆ ನಮ್ಮ ಕಡೆಯದೊಂದು ಸೇರಿಸುತ್ತೇನೆ. ನಮ್ಮ ಅಜ್ಜಿ ಮನೆಗಳಲ್ಲಿ ಕಡು ಬಣ್ಣ, ತಿಳಿ ಬಣ್ಣ ಎರಡೂ ಒಂದೇ ಗೋಡೆ ಮೇಲೆ ಇರುತ್ತಿದ್ದವು. ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ. ನಮ್ಮ ದೀವರ ಮನೆಗಳ ಹಸೆ ಚಿತ್ತಾರವೂ ಹಾಗೇ. ಕೆಮ್ಮಣ್ಣು ಸಾರಿಸಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನೀವೂ ಹಸಿರನ್ನು ಕೆಳಗಿನ ಮೂರಡಿಗೆ ಹೊಡೆಸಿ, ಮೇಲೆ ಬೆಣ್ಣೆ. ಮನೆಯಲ್ಲಿ ಇಬ್ಬರೂ ಗೆದ್ದ ಹಾಗೆ. ಗೋಡೆಗೆ ಕಾಲು ತಾಗಿಸುವ ಮಕ್ಕಳಿದ್ದರೆ ಇನ್ನೂ ಒಳ್ಳೆಯದು.


ಬ್ರಷ್ ರೋಲರ್ ಶಿವಮೊಗ್ಗ:

ಕೆಮ್ಮಣ್ಣಣ್ಣ, ಕೇಳಲು ಚಂದ. ಆದರೆ ಹಳೇ ಗೋಡೆಯಲ್ಲಿ ಶೀತ ಏರುವುದು ಅದೇ ಕೆಳಗಿನ ಮೂರಡಿಗೆ. ಮೊದಲು ಸಿಪ್ಪೆ ಬರುವ ಜಾಗಕ್ಕೆ ಟಚ್ ಅಪ್ ಆಗದ ಬಣ್ಣ ಹಾಕಿದರೆ ವರ್ಷಾ ವರ್ಷಾ ನನಗೆ ಕೆಲಸ. ನನಗೇನೋ ಲಾಭ, ಅಕ್ಕನಿಗೆ ಅಲ್ಲ.

ಅಕ್ಕ, 200 ಎಂಎಲ್ ಸ್ಯಾಂಪಲ್ ಡಬ್ಬಿ ಸಿಗುತ್ತದೆ, ಎರಡೂ ಬಣ್ಣದ್ದು ತನ್ನಿ. ಗೋಡೆಗೆ ಹಚ್ಚಬೇಡಿ. ಹಳೇ ಬಿಳಿಯ ನಡುವೆ ಕಡು ಬಣ್ಣ ಇನ್ನೂ ಕಡುವಾಗಿ ಕಂಡು ಹೆದರಿಸುತ್ತದೆ. ಎರಡಡಿ ಎರಡಡಿ ಪ್ಲೈವುಡ್ ತುಂಡಿಗೋ ದಪ್ಪ ಡ್ರಾಯಿಂಗ್ ಹಾಳೆಗೋ ಎರಡು ಕೋಟ್ ಹೊಡೆದು ಪೂರ್ತಿ ಒಣಗಲು ಬಿಡಿ. ಎಮಲ್ಷನ್ ಸಾಮಾನ್ಯವಾಗಿ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಒದ್ದೆ ಇದ್ದಾಗಲೇ ತೀರ್ಮಾನ ಮಾಡಬೇಡಿ. ಆಮೇಲೆ ಒಂದೊಂದೇ ಗೋಡೆಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು ನೋಡಿ. ನೆಲಕ್ಕೆ ತಾಗಿಸಿಯೂ ನೋಡಿ.


ಸಾಗರದ ಟೈಲರಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಮಾಡಿದ್ದನ್ನು ಹೇಳುತ್ತೇನೆ.

ಪ್ಲಾಸ್ಟಿಕ್ ತೆಗೆದಾಗ ಪೂರ್ವದ್ದು ಒಣಗಿತ್ತು. ದಕ್ಷಿಣದ್ದರ ಹಿಂದೆ ಸಣ್ಣ ಹನಿ. ಆ ಗೋಡೆಯ ಹೊರಗೆ ಬಚ್ಚಲಿನ ನೀರು ಹೋಗುವ ಕಾಲುವೆ ಒಡೆದಿದೆ ಅಂತ ಆಮೇಲೆ ಗೊತ್ತಾಯಿತು. ಅದನ್ನು ಮೊದಲು ಸರಿ ಮಾಡಿಸುತ್ತಿದ್ದೇವೆ.

ಸ್ಯಾಂಪಲ್ ಹೊಡೆದು ಪ್ಲೈವುಡ್ ತುಂಡುಗಳನ್ನು ಗೋಡೆಯಿಂದ ಗೋಡೆಗೆ ಮೆರವಣಿಗೆ ಮಾಡಿಸಿದೆವು. ಹಸಿರನ್ನು ಕಿಟಕಿ ಇರುವ ಉತ್ತರದ ಗೋಡೆಗೆ ಒರಗಿಸಿದರೆ ಹಗಲಲ್ಲಿ ಅದು ಹಸಿರೇ ಅಲ್ಲ, ಬರೀ ಕಪ್ಪು. ಪಕ್ಕದಲ್ಲೇ ಕಿಟಕಿ ಫಳಫಳ ಅನ್ನುವುದರಿಂದ ಕಣ್ಣು ಚುಚ್ಚುತ್ತದೆ. ಅಲ್ಲಿ ಬೆಣ್ಣೆ ಬಣ್ಣ ಇಟ್ಟ ಕೂಡಲೇ ಕಿಟಕಿಯ ಝಳ ಕಡಿಮೆ ಆಯಿತು. ದಕ್ಷಿಣದ ಗೋಡೆಗೆ ಕಿಟಕಿ ಬೆಳಕು ನೇರ ಬೀಳುತ್ತದೆ. ಅಲ್ಲಿ ಹಸಿರು ಬಹಳ ಚಂದ ಕಂಡಿತು, ನಮ್ಮನೆಯವರು ಆಗಲೇ ಗೆದ್ದೆ ಅಂದುಕೊಂಡರು. ಆದರೆ ಆ ಗೋಡೆಯಿಂದ ವಾಪಸ್ ಬರುವ ಬೆಳಕೇ ನನಗೆ ಆಧಾರ. ಹಳೇ ಹಸಿರು ಬೆಡ್‌ಶೀಟ್ ಒಂದನ್ನು ಅಲ್ಲಿ ಪೂರ್ತಿ ಇಳಿಬಿಟ್ಟು ಮಷೀನಿನ ಮುಂದೆ ಕೂತು ನೋಡಿದೆ. ಹೊಲಿಗೆ ಮೇಲೆ ನನ್ನ ಕೈಯ ನೆರಳು ಗಾಢವಾಯಿತು. ಕೆನೆ ಬಣ್ಣ, ತಿಳಿ ಗುಲಾಬಿ, ಬಿಸ್ಕತ್ ಬಣ್ಣದ ರೀಲುಗಳಲ್ಲಿ ಯಾವುದು ಯಾವುದು ಅಂತ ಗುರುತಿಸಲು ಹೊರಗೇ ಹೋಗಬೇಕಾಯಿತು. ಅಲ್ಲಿಗೆ ದಕ್ಷಿಣ ಅತ್ತೆಯವರ ಪಾಲಾಯಿತು.

ಪೂರ್ವದ ಗೋಡೆಯದ್ದು ಬೇರೆ ಕಥೆ. ಹಗಲೆಲ್ಲ ಅದು ಸುಮ್ನೆ ಕೂತಿರುತ್ತದೆ. ಸಂಜೆ ಐದರ ನಂತರ ಜಗುಲಿಯ ಶೀಟಿನ ಕೆಳಗಿನಿಂದ ಬಿಸಿಲು ತೂರಿ ಬಾಗಿಲು ದಾಟಿ ನೇರ ಅದಕ್ಕೇ ಬಡಿಯುತ್ತದೆ. ಆಗ ಹಸಿರು ತುಂಡು ಕಪ್ಪಿನಿಂದ ಎದ್ದು ಎಲೆ ಹಸಿರಿಗೆ ಬಂತು. ಬೆಣ್ಣೆ ಬಣ್ಣ ಅದೇ ಬಿಸಿಲಿಗೆ ಅರಿಸಿನದಷ್ಟು ಹಳದಿ ಆಯಿತು, ಅತ್ತೆಯವರೇ ಮುಖ ಸಿಂಡರಿಸಿದರು. ಹೊರಗಿನಿಂದ ಬರುವವರಿಗೆ ಎದುರಿಗೆ ಕಾಣುವುದೂ ಅದೇ ಗೋಡೆ. ನಾನು ಮಷೀನಿನಿಂದ ಕತ್ತೆತ್ತಿದರೆ ನನಗೂ ಅದೇ. ಮೇಷ್ಟ್ರು ಹೇಳಿದ ಹಾಗೆ ದೂರ ಇದೆ, ಒಂದೇ ಇದೆ.

ಹಾಗಾಗಿ ಪೂರ್ವದ ಗೋಡೆ ಒಂದಕ್ಕೆ ಕಡು ಹಸಿರು. ಉಳಿದ ಮೂರಕ್ಕೆ ಬೆಣ್ಣೆ ಬಣ್ಣ, ಆದರೆ ಕಾರ್ಡಿನಲ್ಲಿ ಅತ್ತೆಯವರು ಬೆರಳಿಟ್ಟದ್ದಕ್ಕಿಂತ ಎರಡು ಮೆಟ್ಟಿಲು ತಿಳಿ. ಕೆಮ್ಮಣ್ಣಿನವರ ಎರಡು ಬಣ್ಣದ ಗೋಡೆ ಮನಸ್ಸಿಗೆ ಬಹಳ ಹಿಡಿಸಿತು. ಆದರೆ ಕೆಂಪು ನೆಲದ ಅಂಚಿಗೇ ಹಸಿರು ಪಟ್ಟಿ ಸುತ್ತಲೂ ಬಂದರೆ ನನಗೆ ತಲೆ ತಿರುಗುತ್ತದೆ. ನಮ್ಮನೆಯವರಿಗೆ ಒಂದೇ ಗೋಡೆ ಸಿಕ್ಕಿತು ಅಂತ ಸ್ವಲ್ಪ ಬೇಸರ ಇದೆ. ಒರಸುವ ಗೋಡೆಯೂ ಒಂದೇ ಆಯಿತಲ್ಲ ಅಂತ ಸಮಾಧಾನ ಹೇಳಿದ್ದೇನೆ.

ಎರಡು ಪ್ರಶ್ನೆ ಉಳಿದಿವೆ. ಮಷೀನ್ ಮೇಲಿನ ಟ್ಯೂಬ್ ಬದಲಾಯಿಸಬೇಕಾ? ಮತ್ತೆ ಎಷ್ಟು ಲೀಟರ್ ತರಿಸಲಿ?


ಸ್ಕೆಚ್ ಮೇಷ್ಟ್ರು:

ಟ್ಯೂಬ್ ಖಂಡಿತ ಬದಲಾಯಿಸಿ. ಗೋಡೆಗಿಂತ ಜಾಸ್ತಿ ಮೋಸ ಮಾಡುತ್ತಿರುವುದು ಅದೇ ಇರಬಹುದು. ಡಬ್ಬಿ ಮೇಲೆ ಸಿಆರ್‌ಐ ಅಂತ ಬರೆದಿರುತ್ತದೆ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕಿ ಅದು. 90 ಅಥವಾ ಅದಕ್ಕಿಂತ ಮೇಲೆ ಇರುವುದನ್ನು ಕೇಳಿ. ಅಗ್ಗದ್ದರಲ್ಲಿ 80ರ ಆಸುಪಾಸು ಇರುತ್ತದೆ, ಕೆಂಪು ಬಣ್ಣಗಳು ಸತ್ತ ಹಾಗೆ ಕಾಣುತ್ತವೆ. ಮಷೀನ್ ಮೇಲೆ ಹಗಲಿನ ಬೆಳಕಿಗೆ ಹತ್ತಿರದ 5000 ಅಥವಾ 6500 ಕೆಲ್ವಿನ್ ಇರಲಿ. ಹಸಿರು ಗೋಡೆ ಕಡೆಗೆ ಬೇರೆ ಸ್ವಿಚ್ಚಿನಲ್ಲಿ 3000 ಕೆಲ್ವಿನ್ನಿನ ಬೆಚ್ಚಗಿನ ದೀಪ ಹಾಕಿಸಿ. ನೂಲು ಆರಿಸುವಾಗ ಆ ದೀಪ ಆಫ್ ಮಾಡಿಬಿಡಿ. ಎರಡು ಥರದ ಬೆಳಕು ಬೆರೆತರೆ ಯಾವ ರೀಲೂ ನಿಜ ಹೇಳುವುದಿಲ್ಲ. ಮುಹೂರ್ತದ ಸೀರೆಗಳಿಗೆ ಮಾತ್ರ ಅಂಗಳದ ಬಿಸಿಲೇ ಕೊನೆಯ ತೀರ್ಪು.


ಬ್ರಷ್ ರೋಲರ್ ಶಿವಮೊಗ್ಗ:

ಲೆಕ್ಕ ಹೀಗೆ ಅಕ್ಕ. ಒಳ್ಳೆ ಎಮಲ್ಷನ್ ನುಣುಪು ಗೋಡೆಗೆ ಎರಡು ಕೋಟ್ ಹೊಡೆದರೆ ಲೀಟರಿಗೆ ಸುಮಾರು 120 ಚದರ ಅಡಿ ಬರುತ್ತದೆ. ಪೂರ್ವದ ಗೋಡೆ 16ಕ್ಕೆ 10, ಬಾಗಿಲು ಕಳೆದರೆ 140 ಚದರ ಅಡಿ. ಹಸಿರಿಗೆ ಮೂರನೇ ಕೋಟ್ ಬೇಕಾದೀತು, ಹಾಗಾಗಿ 2 ಲೀಟರ್ ಒಂದೇ ಸಲ ಕಲಸಿಸಿ. ಒಂದು ಲೀಟರ್ ತಂದು ಸಾಲದೇ ಇನ್ನೊಂದು ತಂದರೆ ಮಷೀನ್ ಕಲಸಿದ್ದೇ ಆದರೂ ಕಡು ಬಣ್ಣದಲ್ಲಿ ಚೂರು ವ್ಯತ್ಯಾಸ ಬಂದೀತು. ಉಳಿದ ಮೂರು ಗೋಡೆ, ಕಿಟಕಿ ಬಾಗಿಲು ಕಳೆದು, 380ರ ಆಸುಪಾಸು. 4 ಲೀಟರ್ ಡಬ್ಬಿ ಸಾಕು, ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ, ಶೇಡ್ ನಂಬರ್ ಮುಚ್ಚಳದ ಮೇಲೆ ಬರೆದಿಡಿ.

ದಕ್ಷಿಣದ ಗೋಡೆ ಮಾತ್ರ ಕಾಲುವೆ ಸರಿಯಾದ ಮೇಲೆ ಮತ್ತೆ ಪ್ಲಾಸ್ಟಿಕ್ ಹಾಕಿ ನೋಡದೆ ಮುಟ್ಟಿಸಬೇಡಿ. ಯುಗಾದಿಗೆ ಮೂರು ಗೋಡೆ ಆದರೂ ಪರವಾಗಿಲ್ಲ.


ಸಾಗರದ ಟೈಲರಕ್ಕ:

ಯುಗಾದಿಗೆ ಮೂರೇ ಗೋಡೆ ಅಂತ ಅತ್ತೆಯವರಿಗೆ ಹೇಳುವ ಧೈರ್ಯ ಯಾರಿಗಿದೆ ಅಣ್ಣ? ಅವರ ಗೋಡೆಯೇ ಬಾಕಿ ಉಳಿಯುವುದು. ಮೊದಲು ಕಾಲುವೆಯವನನ್ನು ಹಿಡಿಯುತ್ತೇನೆ. ಬಣ್ಣದಂಗಡಿಗೆ ನಾಳೆ ಹೋಗಿ ಹಸಿರಿನ ಎರಡು ಲೀಟರ್ ಹೇಳಿ ಬರುತ್ತೇವೆ.